ಟೀಚರ ಅಂಚೆಪೆಟ್ಟಿಗೆ: ಕಥೆಯೊಳಗಿನ ಮಕ್ಕಳು, ಮನೆಯೊಳಗಿನ ಮಕ್ಕಳು

ಹೋದ ಸಂಚಿಕೆಯಲ್ಲಿ ಹಳೆಯ ಇಂಗ್ಲಿಷ್ ವಿಜ್ಞಾನ ಕಥೆಗಳಲ್ಲಿ ಬರುವ ಮಕ್ಕಳ ಬಗ್ಗೆ ಒಂದೇ ಒಂದು ಪ್ಯಾರಾ ಬರೆದಿದ್ದೆ. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜು ನೋಡಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಕರಿಮೆಣಸಿನ ಬಳ್ಳಿ ಸೊರಗುತ್ತಿದೆ ಎಂದು ಬರೆದವರು ದಯವಿಟ್ಟು ಕೃಷಿ ಅಂಕಣಕ್ಕೆ ಬರೆಯಿರಿ. ನಾನು ವಿರಾಜಪೇಟೆ ಕಡೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು, ನನ್ನ ಮನೆಯ ಬಳ್ಳಿಯೇ ಸೊರಗಿದೆ.

ಟೀಚರ್, ನೀವು ಬರೆದಿದ್ದ ಆಟಿಕೆ ಪೆಟ್ಟಿಗೆಯ ಕಥೆ ಯಾವುದು? ನನ್ನ ಮಗಳಿಗೆ ಏಳು ವರ್ಷ. ಬ್ಲಾಕ್ಸ್ ಜೋಡಿಸುತ್ತಾ ಕೂತರೆ ಕರೆದದ್ದು ಕಿವಿಗೆ ಬೀಳುವುದಿಲ್ಲ. ಏನು ಕಟ್ಟುತ್ತಿದ್ದೀಯ ಅಂದರೆ ‘ನಿಂಗೆ ಗೊತ್ತಾಗಲ್ಲ’ ಅನ್ನುತ್ತಾಳೆ. ಆಟಿಕೆಯಿಂದ ಮಗುವಿನ ಬುದ್ಧಿಯೇ ಬೇರೆಯಾಗಿಬಿಡುತ್ತದಾ?
— ಒಬ್ಬ ತಾಯಿ, ಮಡಿಕೇರಿ

ಆ ಕಥೆಯ ಹೆಸರು ‘ಮಿಮ್ಸಿ ವರ್ ದ ಬೊರೊಗೋವ್ಸ್’. 1943ರ ಫೆಬ್ರುವರಿಯಲ್ಲಿ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಬಂತು. ಬರೆದವರ ಹೆಸರು ಲೂಯಿಸ್ ಪ್ಯಾಡ್ಜೆಟ್ ಎಂದಿತ್ತು. ಅಂಥ ಮನುಷ್ಯನೇ ಇರಲಿಲ್ಲ, ಹೆನ್ರಿ ಕಟ್ನರ್ ಮತ್ತು ಸಿ. ಎಲ್. ಮೂರ್ ಎಂಬ ಗಂಡ ಹೆಂಡತಿ ಇಟ್ಟುಕೊಂಡ ಹೆಸರು ಅದು.

ಲಕ್ಷಾಂತರ ವರ್ಷ ಮುಂದಿನ ಕಾಲದವನೊಬ್ಬ ತನ್ನ ಯಂತ್ರವನ್ನು ಪರೀಕ್ಷಿಸುವುದಕ್ಕೆ ಮಕ್ಕಳ ಆಟಿಕೆ ತುಂಬಿದ ಪೆಟ್ಟಿಗೆಯನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾನೆ. ಅದು ಏಳು ವರ್ಷದ ಸ್ಕಾಟ್‌ಗೆ ಸಿಗುತ್ತದೆ. ಒಳಗೆ ತಂತಿಗೆ ಮಣಿ ಪೋಣಿಸಿದ ಒಂದು ವಸ್ತು. ಮಣಿಯನ್ನು ಸರಿಯಾದ ದಾರಿಯಲ್ಲಿ ಸರಿಸಿದರೆ ಅದು ಮಾಯ. ಅಪ್ಪ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುವವನು, ಅವನಿಗೆ ಎಷ್ಟು ಸರಿಸಿದರೂ ಆಗುವುದಿಲ್ಲ. ಆದರೆ ನಿಜವಾದ ತಲೆ ಸ್ಕಾಟ್‌ನದ್ದೂ ಅಲ್ಲ, ಅವನ ಎರಡು ವರ್ಷದ ತಂಗಿ ಎಮ್ಮಾಳದ್ದು. ಅವಳು ಕಾಗದದ ಮೇಲೆ ಗೀಚುತ್ತಾಳೆ, ದೊಡ್ಡವರಿಗೆ ಅದು ಬರೀ ಗೀಚು. ಅಣ್ಣ ಅದನ್ನು ಓದಿಕೊಂಡು ಬೇಕಾದ ಸಾಮಾನು ಹುಡುಕಿ ತರುತ್ತಾನೆ. ಮನೋವಿಜ್ಞಾನಿ ಬರುತ್ತಾನೆ, ಆಟಿಕೆಗಳನ್ನು ಎತ್ತಿಡಿಸುತ್ತಾನೆ. ಮಕ್ಕಳು ಸುಮ್ಮನಾದರು ಎಂದು ಮನೆಯವರಿಗೆ ಸಮಾಧಾನ. ಅಷ್ಟರಲ್ಲಿ ಪಾಠ ಮುಗಿದಿರುತ್ತದೆ. ಮನೆಯ ಹಾಳುಮೂಳು ಸಾಮಾನು ಜೋಡಿಸಿ ಮಕ್ಕಳು ಅಪ್ಪನಿಗೆ ಊಹೆಗೂ ಸಿಗದ ಒಂದು ದಿಕ್ಕಿನಲ್ಲಿ, ಅವನ ಕಣ್ಣೆದುರೇ ಹೊರಟುಹೋಗುತ್ತಾರೆ.

ದೊಡ್ಡವರ ತಲೆಗೆ ರೇಖಾಗಣಿತ ಒಮ್ಮೆ ಕೂತ ಮೇಲೆ ಬೇರೆಯದಕ್ಕೆ ಜಾಗವಿಲ್ಲ, ಮಗುವಿನ ತಲೆಗೆ ಇನ್ನೂ ಯಾವ ಬೇಲಿಯೂ ಬಿದ್ದಿಲ್ಲ ಎಂಬುದು ಕಥೆಯ ತಿರುಳು. ದಿಕ್ಕು ತಪ್ಪಿ ಮಾಯವಾಗುವುದು ಕಟ್ಟುಕಥೆ. ಆದರೆ ಮಗು ನಮಗಿಂತ ಕಡಿಮೆ ಯೋಚಿಸುತ್ತದೆ ಅನ್ನುವುದಕ್ಕಿಂತ ಬೇರೆ ಥರ ಯೋಚಿಸುತ್ತದೆ ಅನ್ನುವುದೇ ಸರಿ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ತರುಣನಾಗಿದ್ದಾಗ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಗಳ ಕೆಲಸಕ್ಕಿದ್ದರು. ಎಲ್ಲರೂ ಸರಿಯುತ್ತರ ಎಣಿಸುತ್ತಿದ್ದಾಗ ಅವರ ಕಣ್ಣು ತಪ್ಪು ಉತ್ತರಗಳ ಮೇಲೆ ಬಿತ್ತು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಮಾಡುತ್ತಿದ್ದರು. ಜೀವನವಿಡೀ ಕೆಂಪು ಇಂಕಿನಲ್ಲಿ ಗೀಟು ಹಾಕಿದ ನನ್ನಂಥವಳಿಗೆ ಈ ಸಂಗತಿ ಈಗಲೂ ಚುಚ್ಚುತ್ತದೆ.

ಅವರ ಒಂದು ಪ್ರಯೋಗವನ್ನು ನಮ್ಮ ಪಂಚಾಯ್ತಿ ಅರಿವು ಕೇಂದ್ರದಲ್ಲಿ ಮಾಡಿ ನೋಡಿದೆ. ಎರಡು ಒಂದೇ ಅಳತೆಯ ಸ್ಟೀಲ್ ಲೋಟಕ್ಕೆ ಬೆಲ್ಲದ ಕಾಫಿ ಸಮನಾಗಿ ಸುರಿದೆ. ಒಂದನ್ನು ಹುಡುಗನ ಕಣ್ಣೆದುರೇ ಸಣ್ಣ ಬಾಯಿಯ ಉದ್ದನೆಯ ಗಾಜಿನ ಬಾಟಲಿಗೆ ಬಗ್ಗಿಸಿದೆ. ‘ಇದರಲ್ಲಿ ಜಾಸ್ತಿ’ ಅಂದ, ಐದು ವರ್ಷದವನು. ವಾಪಸ್ ಲೋಟಕ್ಕೆ ಸುರಿದೆ. ‘ಈಗ ಸಮ.’ ಮತ್ತೆ ಬಾಟಲಿಗೆ. ‘ಈಗ ಜಾಸ್ತಿ ಆಯ್ತು.’ ಮೂರನೇ ಕ್ಲಾಸಿನ ಅವನ ಅಣ್ಣ ಹಣೆ ಚಚ್ಚಿಕೊಂಡ. ಚಿಕ್ಕವನಿಗೆ ಒಂಚೂರೂ ಗೊಂದಲವಿರಲಿಲ್ಲ, ಅವನ ಲೆಕ್ಕದಲ್ಲಿ ಎತ್ತರವೇ ಅಳತೆ. ಬಾಟಲಿಯದ್ದು ತನಗೇ ಬೇಕೆಂದು ಹಟ ಹಿಡಿದು ಕುಡಿದ.

ಮಗಳ ವಿಷಯಕ್ಕೆ ಬಂದರೆ, ಹೆದರಬೇಡಿ. ಏನು, ಯಾಕೆ ಎಂದು ಕೇಳದೆ ಪಕ್ಕದಲ್ಲಿ ಕೂತು ನೀವೂ ಏನಾದರೂ ಕಟ್ಟಿ. ಕಟ್ಟಿದ್ದು ಅವಳಿಗೆ ಹಿಡಿಸದಿದ್ದರೆ ಅವಳೇ ಬಾಯಿಬಿಡುತ್ತಾಳೆ. ಊಟಕ್ಕೆ ಮಾತ್ರ ಕೈಹಿಡಿದು ಎಬ್ಬಿಸಿ. ಪೆಟ್ಟಿಗೆ ಭವಿಷ್ಯದಿಂದಲೇ ಬಂದಿರಲಿ, ಆರಿದ ಕಡಂಬುಟ್ಟು ಗಂಟಲಿಗಿಳಿಯುವುದಿಲ್ಲ.

ಮೇಡಂ, ನಾನು ಭಾಗಮಂಡಲದ ಕಡೆ ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಜುಲೈ ಮಳೆಯಲ್ಲಿ ಕರೆಂಟಿಲ್ಲದ ಒಂದು ಮಧ್ಯಾಹ್ನ ಶುಕ್ರಗ್ರಹದ ಮಳೆಯ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಆ ಹುಡುಗಿಯನ್ನು ಕೂಡಿಹಾಕಿದ್ದು ಸರಿಯೇ ಎಂದು ಕೇಳಿದರೆ ಒಬ್ಬ ಎದ್ದುನಿಂತು ‘ಅವಳಿಗೆ ಹಾಗೇ ಆಗಬೇಕಿತ್ತು’ ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ.
— ಶಿಕ್ಷಕಿ, ಮಡಿಕೇರಿ ತಾಲ್ಲೂಕು

ನಿಮ್ಮ ಹುಡುಗ ಕಥೆಯನ್ನು ಸರಿಯಾಗಿ ಕೇಳಿಸಿಕೊಂಡಿದ್ದಾನೆ.

ಗೊತ್ತಿಲ್ಲದವರಿಗಾಗಿ: ಕಥೆ ರೇ ಬ್ರಾಡ್‌ಬರಿಯ ‘ಆಲ್ ಸಮರ್ ಇನ್ ಎ ಡೇ’, 1954ರದ್ದು. ಶುಕ್ರಗ್ರಹದಲ್ಲಿ ಎಡೆಬಿಡದೆ ಮಳೆ. ಏಳು ವರ್ಷಕ್ಕೊಮ್ಮೆ ಒಂದೆರಡು ಗಂಟೆ ಬಿಸಿಲು. ಒಂಬತ್ತು ವರ್ಷದ ಮಕ್ಕಳ ಕ್ಲಾಸು ಕಿಟಕಿಗೆ ಅಂಟಿಕೊಂಡು ಕಾಯುತ್ತಿದೆ. ಹಿಂದಿನ ಸಲ ಸೂರ್ಯ ಬಂದಾಗ ಅವರಿಗೆಲ್ಲ ಎರಡು ವರ್ಷ, ನೆನಪಿಲ್ಲ. ಮಾರ್ಗೊ ಎಂಬ ಹುಡುಗಿ ಮಾತ್ರ ನಾಲ್ಕು ವರ್ಷದವಳಾಗುವ ತನಕ ಭೂಮಿಯಲ್ಲಿದ್ದು ಬಂದವಳು. ಸೂರ್ಯ ನಾಣ್ಯದ ಹಾಗೆ, ಒಲೆಯ ಬೆಂಕಿಯ ಹಾಗೆ ಅನ್ನುತ್ತಾಳೆ. ಸುಳ್ಳು ಅನ್ನುತ್ತಾರೆ ಉಳಿದವರು. ಟೀಚರ್ ಅತ್ತ ಹೋದ ಹೊತ್ತಿಗೆ ಅವಳನ್ನು ಎಳೆದೊಯ್ದು ಕಪಾಟಿನ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಮಳೆ ನಿಲ್ಲುತ್ತದೆ, ಬಿಸಿಲು ಬರುತ್ತದೆ, ಎಲ್ಲರೂ ಹೊರಗೆ ಓಡುತ್ತಾರೆ. ಅವಳ ನೆನಪು ಯಾರಿಗೂ ಬರುವುದಿಲ್ಲ.

ವಿಜ್ಞಾನ ಪೂರ್ತಿ ತಪ್ಪು, ಅದನ್ನೂ ಮಕ್ಕಳಿಗೆ ಹೇಳಿ. ಆಗ ಶುಕ್ರದ ಮೋಡದ ಕೆಳಗೆ ಏನಿದೆ ಎಂದು ಯಾರಿಗೂ ಕಂಡಿರಲಿಲ್ಲ, ಕಾಡು, ಸಮುದ್ರ, ಮಳೆ ಎಂದು ಬರೆದವರು ಬಹಳ. 1962ರ ಕೊನೆಗೆ ಅಮೆರಿಕದ ಮ್ಯಾರಿನರ್ 2 ನೌಕೆ ಹತ್ತಿರ ಹಾದುಹೋದಾಗ ಅದು ಕಾದ ಕಾವಲಿ ಎಂಬುದು ಖಚಿತವಾಗತೊಡಗಿತು. ನೆಲದ ಮೇಲೆ ಸುಮಾರು 460 ಡಿಗ್ರಿ ಸೆಲ್ಸಿಯಸ್. ಮೋಡದಲ್ಲಿರುವುದು ಸಲ್ಫ್ಯೂರಿಕ್ ಆಸಿಡ್, ಅದರ ಹನಿಯೂ ನೆಲ ಮುಟ್ಟುವ ಮುಂಚೆ ಆವಿಯಾಗುತ್ತದೆ. ಮಳೆ ಸುಳ್ಳಾಯಿತು. ಆ ಕ್ಲಾಸ್‌ರೂಮು ಸುಳ್ಳಾಗಿಲ್ಲ.

ನನಗೆ ಮಕ್ಕಳ ಕಥೆಗಳಲ್ಲೆಲ್ಲ ಇದೇ ಮೇಲು. ಇಲ್ಲಿನ ಮಕ್ಕಳಿಗೆ ಯಾವ ಮಾಯಾಶಕ್ತಿಯೂ ಇಲ್ಲ, ಆಟಿಕೆ ಪೆಟ್ಟಿಗೆ ಬಂದಿಲ್ಲ. ಅವರ ಒಳಗಿರುವುದು ಎರಡೇ: ಸೂರ್ಯ ಬರುತ್ತಾನೆಂಬ ಆಸೆ, ಬರದಿದ್ದರೆ ಎಂಬ ಭಯ. ಆ ಭಯವನ್ನು ಹೊರಲಾರದೆ ‘ಸೂರ್ಯ ಗೀರ್ಯ ಎಲ್ಲ ತಮಾಷೆ’ ಅಂದುಬಿಡುತ್ತಾರೆ. ಮಾರ್ಗೊ ಸುಳ್ಳು ಹೇಳುತ್ತಾಳೆಂದು ಅವರಿಗೆ ಸಿಟ್ಟಲ್ಲ. ನಿಜ ಹೇಳುತ್ತಾಳೆ, ಅದು ಅವಳೊಬ್ಬಳಿಗೇ ಗೊತ್ತು, ಅದಕ್ಕೆ ಸಿಟ್ಟು. ಅವಳೂ ಎಲ್ಲರೊಂದಿಗೆ ಬೆರೆಯುವವಳಲ್ಲ, ಆಡಲು ಕರೆದರೆ ಬರುವುದಿಲ್ಲ. ಮೇಲಾಗಿ ಅಪ್ಪ ಅಮ್ಮ ಅವಳನ್ನು ಭೂಮಿಗೆ ವಾಪಸ್ ಕರೆದುಕೊಂಡು ಹೋಗಬಹುದೆಂಬ ಮಾತು ಬೇರೆ. ಇಷ್ಟು ಸಾಕು ಒಂದು ಕ್ಲಾಸಿಗೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ, ಊರು ಬಿಟ್ಟು ಬಂದ ಹುಡುಗಿಯೊಬ್ಬಳು ನನ್ನ ಕ್ಲಾಸಿಗೆ ಸೇರಿದ್ದಳು. ಮುಂದಿನ ಮಳೆಗಾಲ. ಶೀಟಿನ ಮೇಲೆ ಮಳೆ ಜೋರಾದರೆ ಪೆನ್ನು ಕೆಳಗಿಟ್ಟು ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ಬ್ಲ್ಯಾಕ್‌ಬೋರ್ಡನ್ನೇ ನೋಡುತ್ತಾ ಕೂರುತ್ತಿದ್ದಳು. ‘ರಜೆ ಸಿಗಲಿ ಅಂತ ನಾಟಕ’ ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟಿದರು. ಅವರು ಕೆಟ್ಟ ಮಕ್ಕಳಾಗಿರಲಿಲ್ಲ. ಅವರ ಮನೆಯ ಹಿಂದಿನ ಗುಡ್ಡ ನಿಂತಲ್ಲೇ ನಿಂತಿತ್ತು, ಅಷ್ಟೆ.

ಹಾಗಾಗಿ ‘ಹಾಗೇ ಆಗಬೇಕಿತ್ತು’ ಅಂದವನನ್ನು ತಿದ್ದಲು ಹೋಗಬೇಡಿ. ಕೊನೆಯ ಭಾಗ ಮತ್ತೆ ಹೇಳಿ. ಬಿಸಿಲಲ್ಲಿ ಕುಣಿಯುತ್ತಿದ್ದ ಒಬ್ಬಳ ಅಂಗೈ ಮೇಲೆ ಒಂದು ದಪ್ಪ ಮಳೆಹನಿ ಬೀಳುತ್ತದೆ. ಎಲ್ಲರೂ ಒಳಗೆ ಓಡುತ್ತಾರೆ. ಆಮೇಲೆ ಯಾರೋ ಮಾರ್ಗೊ ಹೆಸರೆತ್ತುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕಪಾಟಿನ ಕಡೆ ನಿಧಾನಕ್ಕೆ ನಡೆದು ಬೀಗ ತೆಗೆಯುತ್ತಾರೆ. ಅವಳ ಮುಖವನ್ನು ಬ್ರಾಡ್‌ಬರಿ ತೋರಿಸುವುದೇ ಇಲ್ಲ. ಬಾಗಿಲು ತೆಗೆದ ಮೇಲೆ ಮೊದಲ ಮಾತು ಯಾರದ್ದು, ಏನು — ಅದನ್ನು ಎಲ್ಲರೂ ಬರೆದುಕೊಡಲಿ. ಆ ಹುಡುಗನದ್ದನ್ನು ಕ್ಲಾಸಿಗೆ ಗಟ್ಟಿಯಾಗಿ ಓದಬೇಡಿ, ನೀವೊಬ್ಬರೇ ಓದಿ.

ಇನ್ನೊಂದು ಮಾತು, ಟೀಚರ್‌ನಿಂದ ಟೀಚರ್‌ಗೆ. ಹೊರಗೆ ಹೊರಡುವ ಮುಂಚೆ ಕಥೆಯ ಟೀಚರ್ ‘ಎಲ್ಲರೂ ಇದ್ದೀರಾ?’ ಎಂದು ಕೇಳುತ್ತಾಳೆ. ‘ಹೌದು!’ ಎಂದು ಮಕ್ಕಳು ಕೂಗುತ್ತಾರೆ. ತಲೆ ಎಣಿಸುವುದಿಲ್ಲ ಆ ಹೆಂಗಸು! ಮಕ್ಕಳ ಕ್ರೌರ್ಯದ ಬಗ್ಗೆ ಜನ ಪುಟಗಟ್ಟಲೆ ಬರೆದಿದ್ದಾರೆ, ನನ್ನ ಕೋಪವೆಲ್ಲ ಅವಳ ಮೇಲೆ.

ಮಗ ಆರನೇ ಕ್ಲಾಸು. ಮೊಬೈಲ್ ಎತ್ತಿಟ್ಟರೆ ಮನೆ ತಲೆಕೆಳಗಾಗುತ್ತದೆ. ಸ್ನೇಹಿತರೊಬ್ಬರು ‘ದ ವೆಲ್ಟ್’ ಓದಿ ಅಂದರು, ಓದಿದೆ. ಎರಡು ದಿನ ನಿದ್ದೆ ಬರಲಿಲ್ಲ. ಮೊಬೈಲ್ ಕಸಿಯಲೋ ಬೇಡವೋ?
— ಕಾಫಿ ವ್ಯಾಪಾರಿ, ಗೋಣಿಕೊಪ್ಪಲು

ಇದೂ ಬ್ರಾಡ್‌ಬರಿಯದ್ದೇ, 1950ರ ಸೆಪ್ಟೆಂಬರ್‌ನಲ್ಲಿ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ನಲ್ಲಿ ಬೇರೆ ಹೆಸರಿನಲ್ಲಿ ಬಂದಿತ್ತು. ಮಕ್ಕಳು ಮನಸ್ಸಿನಲ್ಲಿ ನೆನೆದದ್ದನ್ನು ಗೋಡೆಯ ಮೇಲೆ ತೋರಿಸುವ ಕೋಣೆ. ಪೀಟರ್, ವೆಂಡಿ ಎಂಬ ಮಕ್ಕಳು ಆಫ್ರಿಕಾದ ಹುಲ್ಲುಗಾವಲು, ಸಿಂಹ ನೆನೆಯುತ್ತಾರೆ. ಅಪ್ಪ ಕೋಣೆ ಮುಚ್ಚುತ್ತೇನೆ ಅನ್ನುತ್ತಾನೆ. ಕೊನೆಗೆ ಸಿಂಹಗಳಿಗೆ ಆಹಾರವಾಗುವವರು ಅಪ್ಪ ಅಮ್ಮ.

ಇದನ್ನು ಟಿವಿ ಕೆಟ್ಟದ್ದು, ಮೊಬೈಲ್ ಕೆಟ್ಟದ್ದು ಎಂಬ ಪಾಠವಾಗಿ ಎಲ್ಲರೂ ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಕೋಣೆಯ ಒಂದು ಉಪಯೋಗವೇ, ಗೋಡೆಯ ಮೇಲೆ ಉಳಿದದ್ದನ್ನು ನೋಡಿ ಮನೋವಿಜ್ಞಾನಿಗಳು ಮಗುವಿನ ಮನಸ್ಸು ತಿಳಿಯಲಿ ಎಂಬುದು. ಯೋಚಿಸಿ ನೋಡಿ, ಮಕ್ಕಳ ಮನಸ್ಸು ಗೋಡೆ ತುಂಬಾ ಇದೆ! ಬಿಸಿ ವಾಸನೆ ಬರುತ್ತದೆ, ಕಿರುಚಾಟ ಕೇಳುತ್ತದೆ, ಅಪ್ಪನ ಹಳೆಯ ಪರ್ಸು ಅಲ್ಲಿ ಅಗಿದು ಬಿದ್ದಿರುತ್ತದೆ, ಅದಕ್ಕೆ ರಕ್ತ ಮೆತ್ತಿರುತ್ತದೆ. ಆದರೂ ಆ ದಂಪತಿ ಓದಿಕೊಳ್ಳುವುದಿಲ್ಲ. ಅಷ್ಟು ಹೊತ್ತಿಗೆ ಉಣಿಸುವುದು, ಸ್ನಾನ, ಶೂ ಲೇಸ್ ಕಟ್ಟುವುದು ಎಲ್ಲ ಮನೆಯ ಯಂತ್ರಗಳ ಪಾಲಾಗಿದೆ. ತಂದದ್ದು ಮಕ್ಕಳಲ್ಲ, ಅವರೇ ದುಡ್ಡು ಕೊಟ್ಟು ತಂದದ್ದು. ಆಮೇಲೆ ಒಂದೇ ದಿನದಲ್ಲಿ ಎಲ್ಲ ಬಂದ್ ಅನ್ನುತ್ತಾರೆ. ಮಕ್ಕಳು ಅತ್ತರೆ ‘ಇನ್ನೊಂದು ನಿಮಿಷ’ ಕೊಡುತ್ತಾರೆ.

ಕಸಿಯುವುದಾದರೆ ಕಸಿಯಿರಿ. ಅದಕ್ಕೆ ಮುಂಚೆ ಒಂದು ಭಾನುವಾರ ಬೆಳಗ್ಗೆ ಅವನ ಪಕ್ಕ ಕೂತು ಅವನು ನೋಡುವುದನ್ನು ನೀವೂ ನೋಡಿ. ಉಪದೇಶ ಬೇಡ. ಮತ್ತೆ ಅಂಗಡಿ ಕಾಲ್ ಬರುತ್ತಿದ್ದರೆ ನಿಮ್ಮ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ.

ಮೂರು ವರ್ಷದ ಮೊಮ್ಮಗ ಹೇಳಿದ್ದೇ ಆಗಬೇಕು. ಮಗ ಸೊಸೆ ಇಬ್ಬರೂ ‘ಆಯ್ತು ಕಂದ, ಆಯ್ತು ಕಂದ’. ಇಂಥ ಕಥೆ ಏನಾದರೂ ಇದ್ದರೆ ಹೇಳಮ್ಮ, ಅವರಿಗೆ ಓದಿಸುತ್ತೇನೆ.
— ಒಬ್ಬ ಅಜ್ಜಿ, ಸೋಮವಾರಪೇಟೆ

ಇದೆ ಅಕ್ಕಾ, ಅಳತೆ ಕೊಟ್ಟು ಹೊಲಿಸಿದಂಥದ್ದು. ಜೆರೋಮ್ ಬಿಕ್ಸ್‌ಬಿ 1953ರಲ್ಲಿ ಬರೆದ ‘ಇಟ್ಸ್ ಎ ಗುಡ್ ಲೈಫ್’. ಆಂಟನಿಗೆ ಮೂರು ವರ್ಷ. ಅವನು ನೆನೆದದ್ದು ಆಗುತ್ತದೆ, ಬೇರೆಯವರ ಮನಸ್ಸೂ ಅವನಿಗೆ ಕೇಳುತ್ತದೆ. ಇಡೀ ಊರು ದಿನವಿಡೀ ‘ಒಳ್ಳೇದಾಯ್ತು, ಒಳ್ಳೇದಾಯ್ತು’ ಎಂದು ನಗುತ್ತಿರಬೇಕು. ಯಾರಾದರೂ ಅವನಿಗೆ ಹಿಡಿಸದಿದ್ದರೆ ಅವರನ್ನು ಏನೇನೋ ಮಾಡಿ ಜೋಳದ ಹೊಲದಲ್ಲಿ ಹೂತುಬಿಡುತ್ತಾನೆ. ಸೈಕಲ್ ಮೇಲೆ ದಿನಸಿ ತರುವವನು ಅವನ ಮನೆ ಹತ್ತಿರ ಬಂದಾಗ ಮನಸ್ಸಿನೊಳಗೇ ಏನೇನೋ ಗೊಣಗಿಕೊಳ್ಳುತ್ತಾನೆ, ನಿಜವಾದ ಯೋಚನೆ ಹುಡುಗನಿಗೆ ಸಿಗದಿರಲಿ ಎಂದು.

ಓದಿದವರು ಆಂಟನಿಯನ್ನು ರಾಕ್ಷಸ ಅನ್ನುತ್ತಾರೆ. ಅಲ್ಲ, ಅವನು ಎಷ್ಟೋ ಸಲ ಸಹಾಯ ಮಾಡಲು ಹೋಗುತ್ತಾನೆ. ಅದು ಮೂರು ವರ್ಷದವನ ಸಹಾಯ, ಅದೇ ಗಂಡಾಂತರ. ವಿಮರ್ ಮತ್ತು ಪೆರ್ನರ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಬಿಡಿಸಿ ತೋರಿಸುತ್ತದೆ. ಹುಡುಗ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೋಗುತ್ತಾನೆ, ಅವನಿಲ್ಲದಾಗ ಅಮ್ಮ ಇನ್ನೊಂದಕ್ಕೆ ಬದಲಾಯಿಸುತ್ತಾಳೆ. ಹುಡುಗ ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಈಗ ಚಾಕಲೇಟಿರುವ ಕಪಾಟನ್ನೇ ತೋರಿಸುತ್ತಾರೆ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದು ಎಂಬುದು ನಾಲ್ಕೈದು ವರ್ಷದ ಹೊತ್ತಿಗೆ ನೆಲೆಗೊಳ್ಳುತ್ತದೆ. ಆಂಟನಿಗೆ ಎಲ್ಲರ ಮನಸ್ಸೂ ಕೇಳುತ್ತದೆ, ಅದು ಬೇರೊಬ್ಬರ ಮನಸ್ಸು ಎಂಬುದು ಮಾತ್ರ ಹೊಳೆಯುವುದಿಲ್ಲ.

ಮಡಿಕೇರಿ ಹೋಮ್‌ಮೇಡ್ ಚಾಕಲೇಟ್ ಒಂದು ತುಂಡು, ಎರಡು ಡಬ್ಬ ಸಾಕು, ಮೊಮ್ಮಗನ ಜತೆ ಆಡಿ ನೋಡಿ. ಸೊಸೆಗೆ ಕಥೆ ಕೊಡುವಾಗ ‘ನಿನಗಾಗಿ’ ಅನ್ನಬೇಡಿ, ಟೇಬಲ್ ಮೇಲಿಟ್ಟು ಸುಮ್ಮನಿರಿ.

ಟೀಚರ್, ನನಗೆ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಎತ್ತಿದರೆ ಹುಡುಗರು ‘ಬಂದ್ಲು ಕಂಪ್ಯೂಟರ್’ ಅಂತಾರೆ. ಹೀಗೆ ಯಾರಾದರೂ ಕಥೆಯಲ್ಲಿ ಇದ್ದಾರಾ?
— ಎಂಟನೇ ತರಗತಿ, ಕುಶಾಲನಗರ

ಇದ್ದಾನೆ ಮಗಳೇ. ವಿಲ್ಮರ್ ಶಿರಾಸ್ ಎಂಬ ಲೇಖಕಿ 1948ರಲ್ಲಿ ಬರೆದ ‘ಇನ್ ಹೈಡಿಂಗ್’ ಕಥೆಯ ಟಿಮ್. ಹದಿಮೂರು ವರ್ಷ, ಅಜ್ಜ ಅಜ್ಜಿಯ ಜತೆ ಇದ್ದಾನೆ. ಎಲ್ಲರ ಹಾಗೇ ಇರುವ ಸಾಧಾರಣ ಹುಡುಗ, ಮಾರ್ಕ್ಸೂ ಸಾಧಾರಣ. ನಿಜದಲ್ಲಿ ಅವನು ದೊಡ್ಡವರನ್ನೂ ಮೀರಿಸುವ ಬುದ್ಧಿವಂತ, ಬೇರೆ ಬೇರೆ ಹೆಸರಿನಲ್ಲಿ ಲೇಖನ ಬರೆದು ಕಳಿಸುತ್ತಾನೆ. ಗೊತ್ತಿರುವುದನ್ನು ಹೇಳಿದರೆ ಜನಕ್ಕೆ ಇಷ್ಟವಾಗುವುದಿಲ್ಲ ಎಂದು ತುಂಬ ಚಿಕ್ಕವನಿದ್ದಾಗಲೇ ಕಲಿತುಕೊಂಡು ಬಚ್ಚಿಟ್ಟುಕೊಂಡವನು. ಏನೋ ಸರಿಯಿಲ್ಲ ಅನ್ನಿಸಿ ಅವನ ಟೀಚರ್ ಅವನನ್ನು ಮನೋವೈದ್ಯ ಡಾಕ್ಟರ್ ವೆಲ್ಸ್ ಹತ್ತಿರ ಕಳಿಸುತ್ತಾಳೆ. ವೆಲ್ಸ್ ಅವಸರ ಮಾಡುವುದಿಲ್ಲ, ಯಾರಿಗೂ ಬಾಯಿಬಿಡುವುದಿಲ್ಲ. ಹುಡುಗ ಒಂದೊಂದಾಗಿ ತೋರಿಸುತ್ತಾನೆ. ಮೊದಲ ಸಲ ಒಬ್ಬರ ಎದುರು ತಾನು ತಾನಾಗಿ ಮಾತಾಡುವಾಗ ಅವನಿಗಾಗುವ ಖುಷಿಯೇ ಆ ಕಥೆ, ಬೇರೆ ಏನೂ ಜಾಸ್ತಿ ನಡೆಯುವುದಿಲ್ಲ.

ಹುಡುಗರು ಏನಂದರೂ ನಿನಗೆ ಒಬ್ಬರು ಸಾಕು. ನಿಮ್ಮ ಸ್ಕೂಲಿನಲ್ಲಿ ಗಟ್ಟಿಯಾಗಿ ನಗದ, ಪರ್ಸನಲ್ ವಿಷಯ ಸ್ಟಾಫ್‌ರೂಮಿನಲ್ಲಿ ಹೇಳದ ಟೀಚರ್ ಯಾರು ಎಂದು ನಿನಗೇ ಗೊತ್ತಿರುತ್ತದೆ. ಉತ್ತರ ಚೀಟಿಯಲ್ಲಿ ಬರೆದು ಬೆಲ್ ಹೊಡೆದ ಮೇಲೆ ಅವರಿಗೆ ಕೊಡು. ಅಂಥವರು ಯಾರೂ ಸಿಗದಿದ್ದರೆ ಈ ಅಂಕಣಕ್ಕೆ ಕಳಿಸು, ತಿದ್ದಿ ವಾಪಸ್ ಕಳಿಸುತ್ತೇನೆ.

ಐಸಾಕ್ ಅಸಿಮೋವ್ ಬರೆದ ‘ದ ಫನ್ ದೆ ಹ್ಯಾಡ್’ ನಿಜವಾಯಿತಲ್ಲವೇ?
— ಒಂಬತ್ತನೇ ತರಗತಿ, ಪೊನ್ನಂಪೇಟೆ

ಅರ್ಧ. 1951ರ ಕಥೆ, ನಡೆಯುವುದು 2157ರಲ್ಲಿ. ಮನೆಯಲ್ಲೇ ಯಂತ್ರ ಟೀಚರ್, ಕಾಗದದ ಪುಸ್ತಕ ಕಂಡು ಬೆರಗಾಗುವ ಮಾರ್ಗಿ. ಎನ್‌ಸಿಇಆರ್‌ಟಿ ಒಂಬತ್ತನೆಯ ‘ಬೀಹೈವ್’ನಲ್ಲಿ ಬಹಳ ವರ್ಷ ಮೊದಲ ಪಾಠವಾಗಿತ್ತು, ಸಂಜೆ ಪಾಠಕ್ಕೆ ಬರುವ ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಹಿಂದಿನ ಕಾಲದ ಮಕ್ಕಳಿಗೆ ಸ್ಕೂಲು ಎಷ್ಟು ಖುಷಿಯಿತ್ತೋ ಎಂದು ಮಾರ್ಗಿ ಕೊನೆಗೆ ಯೋಚಿಸುವಾಗ ಮಕ್ಕಳು ‘ಅಯ್ಯೋ ಪಾಪ, ಬಂದು ನೋಡಲಿ’ ಎಂದು ನಗುತ್ತಿದ್ದರು. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಆನ್‌ಲೈನ್ ಕ್ಲಾಸು ಕೇಳಿದ ಕೊರೊನಾ ವರ್ಷಗಳ ಮಕ್ಕಳು ಆ ಸಾಲಿಗೆ ನಗಲಿಲ್ಲ.

ಇವನ್ನೆಲ್ಲ ಮಕ್ಕಳಿಗೆ ಯಾವ ವಯಸ್ಸಿಗೆ ಕೊಡಬಹುದು? ನನ್ನ ಮಗಳು ಹತ್ತನೇ ಕ್ಲಾಸು, ಸಿಕ್ಕಿದ್ದೆಲ್ಲ ಓದುತ್ತಾಳೆ.
— ಒಬ್ಬ ತಂದೆ, ನಾಪೋಕ್ಲು

ಅಸಿಮೋವ್‌ನ ‘ರಾಬಿ’ ಹತ್ತು ವರ್ಷಕ್ಕೂ ಆಗುತ್ತದೆ, ರೋಬೋ ಗೆಳೆಯನನ್ನು ಅಮ್ಮ ಕಳಿಸಿಬಿಟ್ಟಳೆಂದು ಹಟ ಹಿಡಿಯುವ ಗ್ಲೋರಿಯಾಳ ಕಥೆ. ಮಳೆಯ ಕಥೆ ಹನ್ನೆರಡಕ್ಕೆ. ಆಂಟನಿ, ಸಿಂಹದ ಕೋಣೆ ಹದಿನಾಲ್ಕಾದ ಮೇಲೆ. ನೆಲಮಾಳಿಗೆಯಲ್ಲಿ ಸರಪಳಿ ಹಾಕಿಟ್ಟ ಮಗು ತಾನೇ ಹೇಳಿಕೊಳ್ಳುವ ರಿಚರ್ಡ್ ಮ್ಯಾಥಿಸನ್‌ನ ‘ಬಾರ್ನ್ ಆಫ್ ಮ್ಯಾನ್ ಅಂಡ್ ವುಮನ್’ ಮೂರೇ ಪುಟ ಇದ್ದೀತು, ಆದರೂ ಅದನ್ನು ನೀವು ಮೊದಲು ಓದಿ.

ಹೆನ್ರಿ ಸ್ಲೆಸರ್‌ನ ‘ಎಕ್ಸಾಮಿನೇಷನ್ ಡೇ’ ನಿಮ್ಮ ಮಗಳ ಕೈಗೆ ಸಿಕ್ಕೇ ಸಿಗುತ್ತದೆ. 1958ರದ್ದು. ಹನ್ನೆರಡು ತುಂಬಿದ ಹುಡುಗ ಸರ್ಕಾರದ ಬುದ್ಧಿಮತ್ತೆ ಪರೀಕ್ಷೆಗೆ ಹೋಗುತ್ತಾನೆ, ಅಪ್ಪ ಅಮ್ಮ ಮನೆಯಲ್ಲಿ ಫೋನಿನ ಮುಂದೆ ಕಾಯುತ್ತಾರೆ. ಆ ಫೋನಿನಲ್ಲಿ ಏನು ಬರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ತನಕ ಅದೊಂದನ್ನು ಅಟ್ಟದ ಮೇಲಿಡಿ.